ಪೂಜೆ, ಪ್ರಸಾದ ಮತ್ತು ಇನ್ಸುಲಿನ್

ರಾಜಾಜಿನಗರ, ವಿಜಯನಗರದ ಕಡೆಯ ಹಿರಿಯ ಮಧುಮೇಹಿಗಳಲ್ಲಿ ಕೆಲವರು ಮುಂಜಾನೆ ಇನ್ಸುಲಿನ್ ಚುಚ್ಚಿಕೊಂಡು ಲಿಂಗಪೂಜೆಗೆ ಕೂರುತ್ತಾರೆ. ಪೂಜೆ ದೀರ್ಘವಾದರೆ ಉಪಾಹಾರ ತಡವಾಗುತ್ತದೆ; ಔಷಧವು ಕಾಯುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುನ್ನ ತೆಗೆದುಕೊಳ್ಳಬೇಕಾದ ರೆಗ್ಯುಲರ್ ಇನ್ಸುಲಿನ್ ಅಷ್ಟರಲ್ಲಿ ರಕ್ತದ ಸಕ್ಕರೆಯನ್ನು ಇಳಿಸತೊಡಗಿರುತ್ತದೆ. ಇಂಥ ಇನ್ಸುಲಿನ್ನನ್ನು ಪೂಜೆ ಮುಗಿದು ಪ್ರಸಾದದ ವೇಳೆ ನಿಶ್ಚಿತವಾದ ಮೇಲೆಯೇ ತೆಗೆದುಕೊಳ್ಳುವುದು ಲೇಸು. ತಮ್ಮದು ಯಾವ ಬಗೆಯದೆಂಬುದನ್ನು ವೈದ್ಯರಿಂದ ತಿಳಿದುಕೊಳ್ಳಬೇಕು.

ಬೆವರು, ನಡುಕ, ಮಂಕು ಕಾಣಿಸಿಕೊಂಡರೆ ಅಥವಾ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿದರೆ, ಪೂಜೆಯ ನಡುವೆಯಾದರೂ ಸರಿ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಹಾಗಲಕಾಯಿಯ ರಸ, ಮಧುನಾಶಿನಿಗಳೂ ಸಕ್ಕರೆಯನ್ನು ಇಳಿಸಬಲ್ಲವು. ಅವನ್ನು ಗುಟ್ಟಾಗಿ ಸೇವಿಸಿದರೆ ಇನ್ಸುಲಿನ್ ಪ್ರಮಾಣ ಗೊತ್ತುಮಾಡಿದ ವೈದ್ಯರ ಲೆಕ್ಕ ತಪ್ಪುತ್ತದೆ.

ಶಿವರಾತ್ರಿಯ ಉಪವಾಸವೆಂದು ಇನ್ಸುಲಿನ್ ಪೂರ್ತಿ ಬಿಡುವುದೂ ಅಪಾಯವೇ. ಆಹಾರವಿಲ್ಲದಿದ್ದರೂ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ಅಂದು ಎಷ್ಟು ಯೂನಿಟ್ ಎಂಬುದನ್ನು ವಾರ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿರಿ.