ದಸರಾ ಮುಗಿಯಿತು, ಇನ್ನು ವಾಕಿಂಗ್ ಸಮಯ ಬದಲಿಸಿ

ಬೇಸಿಗೆಯಲ್ಲಿ ಬೆಳಿಗ್ಗೆ 5 ಗಂಟೆಗೆ ವಾಕಿಂಗ್ ಹೋಗುವುದು ಒಳ್ಳೆಯ ಅಭ್ಯಾಸ. ಆದರೆ ದೀಪಾವಳಿ ಹತ್ತಿರ ಬಂದಾಗ ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಅದೇ ಅಭ್ಯಾಸ ತೊಂದರೆ ಕೊಡಬಹುದು. ಊರಿನಿಂದ ಬಂದು ಮಕ್ಕಳ ಜೊತೆ ಇರುವ ಹಿರಿಯರಿಗೆ ಇದನ್ನು ತಪ್ಪದೇ ತಿಳಿಸಿ. ನಮ್ಮೂರಲ್ಲಿ ನಸುಕಿನ ಗಾಳಿ ಎಂದರೆ ಶುದ್ಧ ಗಾಳಿ. ಇಲ್ಲಿ ಈ ತಿಂಗಳುಗಳಲ್ಲಿ ಅದು ತಂಪಾಗಿರುತ್ತದೆ ಅಷ್ಟೇ, ಶುದ್ಧವಾಗಿರುವುದಿಲ್ಲ.

*ಏಕೆ ಹೀಗೆ?*
ಮಳೆ ನಿಂತ ಮೇಲೆ ಗಾಳಿಯ ವೇಗ ತಗ್ಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ, ಪಾತ್ರೆಗೆ ಮುಚ್ಚಳ ಹಾಕಿದಂತೆ. ವಾಹನದ ಹೊಗೆ, ಧೂಳು, ಪಂಜಾಬ್-ಹರಿಯಾಣದಲ್ಲಿ ಭತ್ತದ ಕೂಳೆ ಸುಟ್ಟ ಹೊಗೆ ಎಲ್ಲವೂ ನೆಲದ ಹತ್ತಿರವೇ ಉಳಿಯುತ್ತದೆ. ಬಿಸಿಲೇರಿದ ಮೇಲೆ ಸ್ವಲ್ಪ ಚದುರುತ್ತದೆ.

ಈ ಹೊಗೆಯಲ್ಲಿರುವ ಪಿಎಂ 2.5 ಕಣಗಳು ಕೂದಲಿನ ದಪ್ಪದ ಸುಮಾರು 30ನೇ ಒಂದು ಭಾಗದಷ್ಟು ಸಣ್ಣವು. ಶ್ವಾಸಕೋಶದ ಆಳಕ್ಕೆ ಇಳಿದು ರಕ್ತಕ್ಕೂ ಸೇರಬಲ್ಲವು. ಬಿರುಸಾಗಿ ನಡೆಯುವಾಗ ಸುಮ್ಮನೆ ಕುಳಿತಾಗಿನ ಹಲವು ಪಟ್ಟು ಗಾಳಿ ಒಳಗೆ ಎಳೆದುಕೊಳ್ಳುತ್ತೇವೆ. ಆಸ್ತಮಾ, ಹೃದ್ರೋಗ ಇರುವವರಿಗೆ ಅಪಾಯ ಹೆಚ್ಚು.

*ಏನು ಮಾಡಬೇಕು?*
✅ ಹೊರಡುವ ಮುನ್ನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಎಕ್ಯೂಐ ನೋಡಿ.
✅ 100ರ ಒಳಗೆ: ಎಂದಿನಂತೆ ನಡೆಯಿರಿ.
✅ 101ರಿಂದ 200: ಹಿರಿಯರು, ಆಸ್ತಮಾ ಮತ್ತು ಹೃದ್ರೋಗ ಇರುವವರು ನಿಧಾನವಾಗಿ, ಕಡಿಮೆ ಹೊತ್ತು ನಡೆಯಲಿ.
✅ 201ರಿಂದ 300: ಇವರು ಮನೆಯೊಳಗೇ ಇರಲಿ. ಉಳಿದವರೂ ಓಟ ಬಿಡಿ.
✅ 300 ದಾಟಿದರೆ: ಎಲ್ಲರೂ ಮನೆಯೊಳಗೇ ವ್ಯಾಯಾಮ ಮಾಡಿ.
✅ ಹೊರಗೆ ಹೋಗುವ ದಿನ ಮಧ್ಯಾಹ್ನ 3ರ ಸುಮಾರಿಗೆ ಹೋಗಿ. ದೊಡ್ಡ ರಸ್ತೆಯ ಪಕ್ಕ ಬೇಡ.
✅ ಬಟ್ಟೆಯ ಮಾಸ್ಕ್, ಕರ್ಚೀಫು ಈ ಕಣಗಳನ್ನು ಸರಿಯಾಗಿ ತಡೆಯುವುದಿಲ್ಲ. ಅನಿವಾರ್ಯವಾದರೆ ಎನ್-95 ಹಾಕಿ. ಅದನ್ನು ಹಾಕಿಕೊಂಡು ಓಡಬೇಡಿ.

*ಮನೆಯೊಳಗೆ*
ಕಿಟಕಿ ಮುಚ್ಚಿ 20 ನಿಮಿಷ ಹಾಲ್‌ನಲ್ಲೇ ನಡೆಯಿರಿ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ 10 ಸಲ ಎದ್ದು ಕೂರಿ. ರೂಢಿ ಇದ್ದವರು ನಿಧಾನವಾಗಿ ಸೂರ್ಯನಮಸ್ಕಾರ ಮಾಡಬಹುದು. ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಬೇಡ, ಅದರ ಹೊಗೆಯಲ್ಲೂ ಇದೇ ಕಣಗಳಿವೆ.

*ಸಕ್ಕರೆ ಕಾಯಿಲೆ ಇದ್ದವರಿಗೆ*
ವಾಕಿಂಗ್ ಸಮಯ ಬದಲಾದರೆ ಸಕ್ಕರೆ ಇಳಿಯುವ ಹೊತ್ತೂ ಬದಲಾಗಬಹುದು. ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿ. ಜೇಬಿನಲ್ಲಿ ನಾಲ್ಕು ಗ್ಲುಕೋಸ್ ಮಾತ್ರೆ ಇಟ್ಟುಕೊಳ್ಳಿ.

*ಬೇರೆ ಊರುಗಳಲ್ಲಿ*
ಮುಂಬೈ, ಪುಣೆಯಲ್ಲಿ ಅಕ್ಟೋಬರ್ ಬಿಸಿಲು ಜೋರು. ಬೆಳಿಗ್ಗೆ 8ರೊಳಗೆ ವಾಕಿಂಗ್ ಮುಗಿಸಿ, ಆದರೆ ಎಕ್ಯೂಐ ಅಲ್ಲೂ ನೋಡಿ. ಚೆನ್ನೈಯಲ್ಲಿ ಹಿಂಗಾರು ಮಳೆಯ ಕಾಲ. ನೀರು ನಿಂತ ರಸ್ತೆಯಲ್ಲಿ ನಡೆಯಬೇಡಿ.

⚠️ ನಡೆಯುವಾಗ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಅಲ್ಲೇ ಕುಳಿತುಕೊಳ್ಳಿ, 112ಕ್ಕೆ ಕರೆ ಮಾಡಿ. "ಗ್ಯಾಸ್ ಇರಬೇಕು" ಎಂದು ಮನೆಗೆ ನಡೆದುಕೊಂಡು ಬರಬೇಡಿ.

ವಾಕಿಂಗ್ ಬಿಡಬೇಡಿ, ಹೊತ್ತು ಮಾತ್ರ ಬದಲಿಸಿ. ನಿಮ್ಮ ಅಪ್ಪ-ಅಮ್ಮನಿಗೂ ಕಳುಹಿಸಿ. 🙏