ಸೈಲೆಂಟ್ ಕೀಗಳಿಗೊಂದು ಸ್ಮರಣೆಯ ತಾಣ

ಹವ್ಯಾಸಿ ರೇಡಿಯೊ ಬಳಸುವ ‘ಹ್ಯಾಮ್’ಗಳ ಬಳಗದಲ್ಲಿ ತೀರಿಕೊಂಡವರನ್ನು ‘ಸೈಲೆಂಟ್ ಕೀ’ ಎನ್ನುತ್ತಾರೆ. 2001ರ ಜನವರಿ 26ರ ಭೂಕಂಪಕ್ಕೆ ಭುಜ್‌ನ ಟೆಲಿಫೋನ್ ಸಂಪರ್ಕ ಕಡಿದುಹೋದಾಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಇಂಥವರ ದುಡಿಮೆಗೆ ಸಾಕ್ಷಿ ಹೆಚ್ಚಾಗಿ ಮನೆಯಲ್ಲಿರುವ, ರೇಡಿಯೊ ಮಾತುಕತೆಗಳನ್ನು ಬರೆದಿಟ್ಟ ಲಾಗ್‌ಬುಕ್ಕು, ಕಾರ್ಡುಗಳು. ಅವು ರದ್ದಿಗೆ ಹೋದರೆ ಎಲ್ಲವೂ ಹೋದಂತೆ. ಅಹಮದಾಬಾದ್, ವಡೋದರಾ, ಸೂರತ್‌ನ ಹ್ಯಾಮ್‌ಗಳು ಕೂಡಿ ಅಂತರ್ಜಾಲದಲ್ಲಿ ಒಂದು ಸ್ಮರಣೆಯ ತಾಣ ಕಟ್ಟುವುದಾದರೆ ಹೀಗೆ ಮಾಡಬಹುದು.

ಮೊದಲು ಸಾವಿನ ಸುದ್ದಿ ಖಚಿತಪಡಿಸಿ: ಪ್ರತಿ ಊರಿಗೆ ಒಬ್ಬರು ಹೊಣೆ ಹೊರಲಿ. ವಾಟ್ಸ್ಆ್ಯಪ್ ಸುದ್ದಿಯನ್ನು ನಂಬಿ ಯಾರ ಹೆಸರನ್ನೂ ಸೇರಿಸಬೇಡಿ. ಮನೆಯವರನ್ನು ಕಂಡು ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ.

ಏನೇನು ಬರೆಯಬೇಕು: ವಿಯು2 ಅಥವಾ ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ಹ್ಯಾಮ್‌ನ ಗುರುತಿನ ಸಂಕೇತ), ಹೆಸರು, ಊರು, ಲೈಸೆನ್ಸ್ ಪಡೆದ ವರ್ಷ, ತೀರಿಕೊಂಡ ದಿನ. ಜೊತೆಗೆ ಅವರು ಕಟ್ಟಿದ ಆ್ಯಂಟೆನಾ, ಮೋರ್ಸ್ ಕಲಿಸಿದ ಶಿಷ್ಯರು, ಪ್ರವಾಹದಲ್ಲೋ ಚಂಡಮಾರುತದಲ್ಲೋ ಮಾಡಿದ ಕೆಲಸ. ಹೊಗಳಿಕೆಗಿಂತ ಇಂಥ ಒಂದು ವಿವರವೇ ಮನುಷ್ಯನನ್ನು ಕಣ್ಣೆದುರು ನಿಲ್ಲಿಸುತ್ತದೆ. ಗುಜರಾತಿ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ; ಕನ್ನಡಿಗರ ಮನೆಯಾದರೆ ಕನ್ನಡವೂ ಇರಲಿ.

ಕ್ಯೂಎಸ್‌ಎಲ್ ಕಾರ್ಡ್: ಇಬ್ಬರು ಹ್ಯಾಮ್‌ಗಳು ರೇಡಿಯೊದಲ್ಲಿ ಮಾತಾಡಿದ್ದಕ್ಕೆ ಪುರಾವೆಯಾಗಿ ಅಂಚೆಯಲ್ಲಿ ಬರುವ ಕಾರ್ಡ್ ಇದು. ಇಬ್ಬರ ಕಾಲ್‌ಸೈನ್, ತಾರೀಖು, ಯುಟಿಸಿ ಸಮಯ, ಬ್ಯಾಂಡ್, ‘59’ರಂಥ ಸಿಗ್ನಲ್ ವರದಿ ಅದರಲ್ಲಿರುತ್ತವೆ. ಹಿಂಬದಿಯ ಕೈಬರಹವೂ ಬರುವಂತೆ ಎರಡೂ ಮಗ್ಗುಲನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಮೂಲ ಕಾರ್ಡನ್ನು ಮನೆಯವರಿಗೆ ಹಿಂದಿರುಗಿಸಿ. ಪ್ರಕಟಿಸುವ ಪ್ರತಿಯಲ್ಲಿ ಮನೆ ವಿಳಾಸ, ಫೋನ್ ನಂಬರ್ ಮುಚ್ಚಿ. ಧ್ವನಿಮುದ್ರಣ ಸಿಕ್ಕರೆ ಅದನ್ನೂ ಸೇರಿಸಿ.

ಉಳಿಸುವುದು ಹೇಗೆ: ಪಾಸ್‌ವರ್ಡ್ ಒಬ್ಬರ ಬಳಿಯೇ ಉಳಿದರೆ ಇಂಥ ತಾಣ ಮುಚ್ಚಿಹೋಗಬಹುದು. ಆದ್ದರಿಂದ ಡೊಮೇನ್ ಹ್ಯಾಮ್ ಕ್ಲಬ್ಬಿನ ಹೆಸರಲ್ಲಿರಲಿ, ಪಾಸ್‌ವರ್ಡ್ ಮೂರೂ ಊರಿನ ಹೊಣೆಗಾರರಿಗೆ ಗೊತ್ತಿರಲಿ. ಡೇಟಾಬೇಸ್ ಬೇಡದ ಸರಳ ಎಚ್‌ಟಿಎಂಎಲ್ ಪುಟಗಳೇ ಸಾಕು. ಇವು ಕೆಡುವುದು ಕಡಿಮೆ, ನಕಲು ಮಾಡುವುದು ಸುಲಭ. ಪ್ರತಿ ಪುಟವನ್ನು ವೆಬ್‌ಪುಟಗಳ ಪ್ರತಿ ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೂ ಸೇರಿಸಿ, ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ನಲ್ಲಿಡಿ. ತಪ್ಪು ಕಂಡವರು ತಿಳಿಸಲು ಒಂದು ಇಮೇಲ್ ವಿಳಾಸ ಕೊಡಿ. ತಿದ್ದಿದ ತಾರೀಖನ್ನು ಪುಟದ ಕೆಳಗೆ ನಮೂದಿಸಿ.

ಇದೆಲ್ಲದರ ಜೊತೆಗೆ, ಈಗ ನಮ್ಮೊಡನಿರುವ ಹಿರಿಯ ಹ್ಯಾಮ್‌ಗಳ ಮನೆಗೂ ಹೋಗಿ ಬನ್ನಿ. ತಮ್ಮ ಲಾಗ್‌ಬುಕ್ಕು, ಕಾರ್ಡುಗಳು ಯಾರ ಕೈ ಸೇರಬೇಕೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಅವರ ಬಾಯಿಂದಲೇ ಕೇಳಿದ ವಿವರಕ್ಕಿಂತ ನಂಬಿಕೆಯ ದಾಖಲೆ ಇನ್ನೊಂದಿಲ್ಲ.