ಕಲ್ಲಿನ ಛಾವಣಿಯ ಕಥೆ

ಯೂರೋಪಿನ ಇತಿಹಾಸವನ್ನು ಓದುವಾಗ, ರೋಮ್ ಸಾಮ್ರಾಜ್ಯದ ಪತನದಿಂದ ಗಾಥಿಕ್ ಕೆಥೀಡ್ರಲುಗಳ ಉದಯದವರೆಗಿನ ಕಾಲವನ್ನು ನಾವು ಬಹು ಬೇಗ ದಾಟಿಬಿಡುತ್ತೇವೆ. ಅದರ ಬಹುಭಾಗಕ್ಕೆ ‘ಅಂಧಕಾರ ಯುಗ’ವೆಂಬ ಹೆಸರು ಬೇರೆ ಅಂಟಿಕೊಂಡಿದೆ. ಆದುದರಿಂದ ಆ ಕಾಲದ ದಪ್ಪ ಗೋಡೆಯ, ಕಿರುಗಿಂಡಿಯ ಚರ್ಚುಗಳ ಚಿತ್ರವನ್ನು ನೋಡಿದವರು ‘ಇವರಿಗೆ ಇಷ್ಟೇ ಬರುತ್ತಿತ್ತು’ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಆ ಗೋಡೆಗಳು ಏಕೆ ದಪ್ಪವಾದುವು, ಆ ಕಿಟಕಿಗಳು ಏಕೆ ಕಿರಿದಾದುವು ಎಂದು ಕೇಳಿ ನೋಡೋಣ. ಆಗ ಅದು ಅಜ್ಞಾನದ ಗುರುತಲ್ಲ, ಒಂದು ಮಹಾಸಾಹಸದ ಗುರುತು ಎಂಬುದು ತಿಳಿಯುತ್ತದೆ.

ಪಶ್ಚಿಮ ರೋಮ್ ಸಾಮ್ರಾಜ್ಯವು ೪೭೬ರಲ್ಲಿ ಅಳಿಯಿತು. ಆದರೆ ರೋಮನರ ‘ಬ್ಯಾಸಿಲಿಕ’ ಎಂಬ ಸಭಾಭವನದ ಮಾದರಿ ಅಳಿಯಲಿಲ್ಲ. ನಡುವೆ ಉದ್ದನೆಯ ಎತ್ತರದ ಅಂಕಣ, ಎರಡು ಕಡೆಗೂ ಕಂಬಗಳ ಸಾಲು, ಅವುಗಳಾಚೆ ತಗ್ಗಿನ ಪಕ್ಕದಂಕಣಗಳು, ಮೇಲೆ ಮರದ ಛಾವಣಿ: ಇದನ್ನೇ ಕ್ರೈಸ್ತರು ತಮ್ಮ ಚರ್ಚುಗಳಿಗೆ ಬಳಸಿಕೊಂಡರು. ಶಾರ್ಲ್‌ಮೇನ್ ಚಕ್ರವರ್ತಿಯು ಜರ್ಮನಿಯ ಆಹೆನ್ ನಗರದಲ್ಲಿ ಕಟ್ಟಿಸಿದ ಅರಮನೆಯ ಚರ್ಚು ಇದಕ್ಕೆ ಒಂದು ದೊಡ್ಡ ಅಪವಾದ. ಅದು ಎಂಟು ಮೂಲೆಯದು; ಅದರ ಮೇಲೆ ಕಲ್ಲಿನ ಗುಮ್ಮಟ. ಅದಕ್ಕಾಗಿ ರೋಮ್ ಮತ್ತು ರಾವೆನ್ನ ನಗರಗಳಿಂದ ಅಮೃತಶಿಲೆಯ ಕಂಬಗಳನ್ನು ತರಿಸಲಾಯಿತು. ಆದರೆ ಉದ್ದನೆಯ ದೊಡ್ಡ ಚರ್ಚುಗಳಲ್ಲಿ ನಡುವಣ ಅಂಕಣಕ್ಕೆ ಬಹುಮಟ್ಟಿಗೆ ಮರದ ಸೂರೇ ಗತಿಯಾಗಿತ್ತು.

ಮರಕ್ಕೆ ಬೆಂಕಿಯೇ ಶತ್ರು. ೧೧೭೪ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಸಮೀಪದ ಮನೆಗಳಿಗೆ ಬೆಂಕಿ ಬಿದ್ದಿತು. ಕಿಡಿಗಳು ಹಾರಿ ಕೆಥೀಡ್ರಲಿನ ಸೂರನ್ನು ಹೊಕ್ಕು, ಅದರ ಪೂರ್ವಭಾಗವೆಲ್ಲ ಉರಿದುಹೋಯಿತು. ಇಂಥ ಅನಾಹುತಗಳಿಗೆ ಉತ್ತರವೇ ಕಲ್ಲಿನ ಛಾವಣಿ. ಸುಮಾರು ೧೦೦೦ದಿಂದ ೧೨ನೆಯ ಶತಮಾನದ ಕೊನೆಯವರೆಗಿನ ಈ ಪದ್ಧತಿಗೆ ‘ರೋಮನೆಸ್ಕ್’, ಎಂದರೆ ರೋಮನರ ರೀತಿಯದು, ಎಂಬ ಹೆಸರನ್ನಿತ್ತವರು ೧೯ನೆಯ ಶತಮಾನದ ವಿದ್ವಾಂಸರು. ಅರ್ಧವರ್ತುಲದ ರೋಮನ್ ಕಮಾನು ಇದರ ಮುಖ್ಯ ಲಕ್ಷಣ.

ನನ್ನ ತಂದೆಯವರು ಗಾರೆ ಕೆಲಸದವರು. ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ. ಪುಸ್ತಕದಲ್ಲಿನ ಈ ಚಿತ್ರಗಳನ್ನು ತೋರಿಸಿದಾಗ ಅವರು ಕಮಾನಿನ ಅಂದವನ್ನು ನೋಡಲಿಲ್ಲ, ಅದರ ಕಾಲುಗಳನ್ನು ನೋಡಿದರು. “ಕಮಾನು ಕೆಡೋದು ಮೇಲಿಂದಲ್ಲಪ್ಪ, ಪಕ್ಕದಿಂದ” ಎಂದರು. ಇಡೀ ರೋಮನೆಸ್ಕ್ ಇತಿಹಾಸಕ್ಕೆ ಈ ಮಾತೇ ಬೀಗದ ಕೈ ಎಂದು ನನಗೆ ತೋರುತ್ತದೆ. ಕಂಬದ ಮೇಲಿಟ್ಟ ತೊಲೆ ತನ್ನ ಭಾರವನ್ನು ನೆಟ್ಟಗೆ ಕೆಳಕ್ಕೆ ಹಾಕುತ್ತದೆ. ಕಮಾನಾದರೋ ಕೆಳಕ್ಕೆ ಒತ್ತುವುದರ ಜೊತೆಗೆ ತನ್ನ ಎರಡು ಕಾಲುಗಳನ್ನೂ ಹೊರಕ್ಕೆ ನೂಕುತ್ತದೆ. ಆ ನೂಕನ್ನು ತಡೆಯುವವರೆಗೆ ಮಾತ್ರ ಅದು ನಿಂತಿರುತ್ತದೆ.

ನಮ್ಮ ಕಮಾನುಗಾಡಿಯ ಮೇಲ್ಕಟ್ಟಿನ ಆಕಾರದಲ್ಲಿ ಕಮಾನನ್ನು ಉದ್ದಕ್ಕೂ ಎಳೆದರೆ ಮೊದಲ ಬಗೆಯ ಕಲ್ಲಿನ ಛಾವಣಿಯಾಗುತ್ತದೆ. ಅದು ಗೋಡೆಯನ್ನು ಒಂದೆಡೆಯಲ್ಲದೆ ಉದ್ದಕ್ಕೂ ನೂಕುವುದರಿಂದ ಗೋಡೆಯೂ ಉದ್ದಕ್ಕೂ ದಪ್ಪವಾಗಿರಬೇಕು. ದೊಡ್ಡ ಕಿಟಕಿಯನ್ನು ಕೊರೆದರೆ ಗೋಡೆ ಸೋಲುತ್ತದೆ. ಒಳಗಿನ ಕತ್ತಲೆಗೆ ಕಾರಣ ಇದೇ. ಫ್ರಾನ್ಸಿನ ಕ್ಲೂನಿ ಮಠದಲ್ಲಿ ೧೦೮೮ರಲ್ಲಿ ಆರಂಭವಾದ ಮಹಾಚರ್ಚಿನಲ್ಲಿ ಇಂಥ ಛಾವಣಿಯನ್ನು ಸುಮಾರು ೩೦ ಮೀಟರ್ ಎತ್ತರಕ್ಕೆ ಒಯ್ದರು. ೧೧೨೫ರಲ್ಲಿ ಅದರ ಒಂದು ಭಾಗ ಕುಸಿಯಿತು. ಅವರು ಕೈಚೆಲ್ಲಿ ಕೂಡಲಿಲ್ಲ. ಅದನ್ನು ಮತ್ತೆ ಕಟ್ಟಿ, ೧೧೩೦ರಲ್ಲಿ ಚರ್ಚನ್ನು ಪ್ರತಿಷ್ಠಾಪಿಸಿದರು. ಫ್ರಾನ್ಸಿನ ಮಹಾಕ್ರಾಂತಿಯ ತರುವಾಯ ಆ ಕಟ್ಟಡವನ್ನು ಕೆಡವಿ ಕಲ್ಲುಗಳನ್ನು ಮಾರಲಾಯಿತು. ಇಂದು ಉಳಿದಿರುವುದು ಸ್ವಲ್ಪ ಭಾಗ ಮಾತ್ರ.

ಜರ್ಮನಿಯ ಸ್ಪೈಯರ್ ಕೆಥೀಡ್ರಲು ೧೦೬೧ರಲ್ಲಿ ಪ್ರತಿಷ್ಠೆಯಾದಾಗ ಅದರ ನಡುವಣ ಅಂಕಣಕ್ಕೆ ಇದ್ದದ್ದು ಮರದ ಛಾವಣಿ. ಎರಡು ದಶಕಗಳ ಬಳಿಕ ನಾಲ್ಕನೆಯ ಹೆನ್ರಿ ಚಕ್ರವರ್ತಿಯ ಕಾಲದಲ್ಲಿ ಅಲ್ಲಿ ಒಂದನ್ನೊಂದು ಅಡ್ಡಹಾಯುವ ಕಮಾನುಗಳ ಕಲ್ಲಿನ ಛಾವಣಿಯನ್ನು ಕಟ್ಟಿದರು. ಈ ಎರಡನೆಯ ಬಗೆಯಲ್ಲಿ ಭಾರವು ನಾಲ್ಕು ಮೂಲೆಗಳಿಗೆ ಹಂಚಿಹೋಗುತ್ತದೆ. ಆ ಮೂಲೆಗಳಲ್ಲಿ ಬಲವಾದ ಕಂಬಗಳಿದ್ದರೆ ಸಾಕು, ನಡುವಣ ಗೋಡೆಯಲ್ಲಿ ಕಿಟಕಿ ತೆರೆಯಬಹುದು.

ಮೂರನೆಯ ಹೆಜ್ಜೆಯನ್ನು ಇಂಗ್ಲೆಂಡಿನ ಡರಮ್ ಕೆಥೀಡ್ರಲಿನಲ್ಲಿ ನೋಡುತ್ತೇವೆ. ೧೦೯೩ರಲ್ಲಿ ತಳಹದಿ ಹಾಕಿದ ಆ ಕಟ್ಟಡ ೧೧೩೩ರ ವೇಳೆಗೆ ಬಹುಮಟ್ಟಿಗೆ ಮುಗಿಯಿತು. ಅಲ್ಲಿ ಮೂಲೆಯಿಂದ ಮೂಲೆಗೆ ಪಕ್ಕೆಲುಬಿನಂತೆ ಕಲ್ಲಿನ ಕಮಾನುಗಳನ್ನು ಎಳೆದು, ಅವುಗಳ ನಡುವಣ ಜಾಗವನ್ನು ಕಲ್ಲಿನಿಂದ ಮುಚ್ಚಿದರು. ಪಶ್ಚಿಮದ ಉದ್ದನೆಯ ಅಂಕಣದಲ್ಲಿ ಚೂಪುಗಮಾನುಗಳೂ ಬಂದುವು. ಪೂರ್ವಭಾಗದ ಮೊದಲ ಛಾವಣಿ ಮಾತ್ರ ಬಿರುಕುಬಿಟ್ಟು, ೧೩ನೆಯ ಶತಮಾನದಲ್ಲಿ ಅದನ್ನು ಬದಲಾಯಿಸಬೇಕಾಯಿತು. ಪಕ್ಕೆಲುಬು, ಚೂಪುಗಮಾನು ಇವೆರಡನ್ನೂ ಕೂಡಿಸಿ, ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಚರ್ಚಿನ ಪೂರ್ವಭಾಗವನ್ನು ೧೧೪೦ರಿಂದ ೧೧೪೪ರೊಳಗೆ ಕಟ್ಟಿದಾಗ ಗಾಥಿಕ್ ಪದ್ಧತಿ ಕಣ್ದೆರೆಯಿತು.

ಇಟಲಿಯ ಮೊದೆನಾದಲ್ಲಿ ಕೆಥೀಡ್ರಲನ್ನು ೧೦೯೯ರಲ್ಲಿ ಆರಂಭಿಸಿದ ಲಾನ್‌ಫ್ರಾಂಕೊನ ಹೆಸರು ಶಾಸನದಲ್ಲಿ ಉಳಿದಿದೆ. ಅಂಥ ಪುಣ್ಯವಂತರು ಕೆಲವರೇ. ಕಟ್ಟಿಸಿದ ದೊರೆಗಳನ್ನೂ ಬಿಷಪ್ಪರನ್ನೂ ಚರಿತ್ರೆ ಬರೆದಿಟ್ಟಿತು. ಕಲ್ಲು ಹೊತ್ತವರಲ್ಲಿ, ಸೆಂಟ್ರಿಂಗಿನ ಮರ ತೆಗೆಯುವ ದಿನ ಉಸಿರು ಬಿಗಿಹಿಡಿದು ಕೆಳಗೆ ನಿಂತವರಲ್ಲಿ, ಹೆಚ್ಚಿನವರನ್ನು ಮರೆಯಿತು. ಬಲದ ಲೆಕ್ಕವನ್ನು ಕಾಗದದ ಮೇಲೆ ಮಾಡುವ ಶಾಸ್ತ್ರ ಅವರಿಗಿರಲಿಲ್ಲ. ಕುಸಿದದ್ದನ್ನು ನೋಡಿ, ಬಿರುಕನ್ನು ನೋಡಿ, ಮುಂದಿನ ಕಟ್ಟಡದಲ್ಲಿ ತಿದ್ದಿಕೊಂಡರು. ಅಕ್ಷರ ಬಾರದ ಕೈಗಳಲ್ಲಿಯೂ ವಿದ್ಯೆ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಗಾಥಿಕ್ ಕಟ್ಟಡಗಳ ತೆಳುಗೋಡೆಯನ್ನೂ ಬಣ್ಣದ ಗಾಜನ್ನೂ ನಾವು ಮನಸಾರೆ ಮೆಚ್ಚೋಣ. ಅವುಗಳಿಗೆ ದಾರಿ ಮಾಡಿದ ಈ ದಪ್ಪ ಗೋಡೆಗಳಿಗೂ ನಮ್ಮ ಓದಿನಲ್ಲಿ ಒಂದೆರಡು ಪುಟದ ಗೌರವ ಸಲ್ಲಲಿ.